ಬಳ್ಳಾರಿಗೆ ಮತ್ತೊಮ್ಮೆ: ತಿನ್ನಲು, ಅಲೆಯಲು

ಮೊದಲ ಸಲ ಕೋಟೆ ನೋಡಿ ಹೋದವರು ಈ ಸಲ ನವೆಂಬರ್‌ನಿಂದ ಜನವರಿಯೊಳಗೆ ಬನ್ನಿ. ಬೇಸಿಗೆಯಲ್ಲಿ ಬೆಳಿಗ್ಗೆ 10ಕ್ಕೇ ಬಂಡೆ ಕಾದು ಗುಡ್ಡ ಹತ್ತಲಾಗದು.

ಬೆಳಗಿನ ತಿಂಡಿಗೆ ಒಗ್ಗರಣೆ-ಮಿರ್ಚಿಯೇ (ಒಗ್ಗರಣೆ ಹಾಕಿ ಕಲಸಿದ ಮಂಡಕ್ಕಿ, ಜೊತೆಗೆ ಮೆಣಸಿನಕಾಯಿ ಬಜ್ಜಿ) ಆಗಬೇಕು. ಬಾಣಲೆಯ ಪಕ್ಕ ನಿಂತು ಆಗಷ್ಟೇ ಕಲಸಿದ್ದನ್ನೇ ಕೇಳಿ. ನೆನೆಸಿದ ಮಂಡಕ್ಕಿಯ ನೀರನ್ನು ಸರಿಯಾಗಿ ಹಿಂಡದಿದ್ದರೆ, ಇಲ್ಲವೇ ಮಾಡಿಟ್ಟು ಹೊತ್ತಾದರೆ, ಅದು ಮುದ್ದೆಯಾಗುತ್ತದೆ. ಪುಟಾಣಿ ಪುಡಿ ಧಾರಾಳವಾಗಿರಲಿ. ಉಳಿದ ತೇವ ಹೀರಿ ಬಿಡಿಬಿಡಿಯಾಗಿಸುವುದು ಅದೇ. ಮಿರ್ಚಿಯನ್ನು ಒಂದೊಂದಾಗಿ ಹಾಕಿಸಿಕೊಳ್ಳಿ, ಆರಿದರೆ ಹಿಟ್ಟು ಮೆತ್ತಗಾಗುತ್ತದೆ. ಖಾರ ತಡೆಯದವರು ಸೀಳಿ, ಬೀಜದ ಜೊತೆ ಒಳಗಿನ ಬಿಳಿ ನಾರನ್ನೂ ತೆಗೆಯಬೇಕು. ಖಾರ ಹೆಚ್ಚಿರುವುದು ಆ ನಾರಿನಲ್ಲಿ. ಬೀಜ ಮಾತ್ರ ತೆಗೆದರೆ ಬಾಯುರಿ ತಪ್ಪದು.

ಆಮೇಲೆ ನಗರದ ಹೊರಗಿನ ಸಂಗನಕಲ್ಲು ಗುಡ್ಡ. ಬಳ್ಳಾರಿ ನೋಡಿದೆವೆಂದು ಹೇಳಲು ಇದನ್ನು ಬಿಡುವಂತಿಲ್ಲ. ಆಟೋವನ್ನು ಹೋಗಿಬರಲು ಮಾತಾಡಿಕೊಂಡೇ ಹತ್ತಿ, ಮರಳುವಾಗ ಸಿಗುವ ಭರವಸೆಯಿಲ್ಲ. ತಲೆಗೆ 2 ಲೀಟರ್ ನೀರು, ಜಾರದ ಬೂಟು ಬೇಕು. ನವಶಿಲಾಯುಗದ ಜನ ಇಲ್ಲಿ ಕಲ್ಲಿನ ಕೊಡಲಿ ತಯಾರಿಸುತ್ತಿದ್ದರು. ಹಿಂದಿನ ದಿನವೇ ಇಂಥ ಕಲ್ಲಿನ ಉಪಕರಣಗಳಿರುವ ನಗರದ ರಾಬರ್ಟ್ ಬ್ರೂಸ್ ಫೂಟ್ ವಸ್ತುಸಂಗ್ರಹಾಲಯ ನೋಡಿಕೊಂಡರೆ, ಗುಡ್ಡದ ನೆಲದಲ್ಲಿ ಬಿದ್ದ ಕಲ್ಲಿನ ಚಕ್ಕೆಗಳಲ್ಲಿ ಕೈಕೆಲಸದ ಗುರುತು ಹಿಡಿಯಬಹುದು. ಒಂದನ್ನೂ ಜೇಬಿಗಿಳಿಸಬೇಡಿ, ಜಾಗ ಬಿಟ್ಟ ಚಕ್ಕೆ ಸಂಶೋಧಕರಿಗೆ ಏನನ್ನೂ ಹೇಳದು.