ಮೆಕ್ಕೆಜೋಳದ ಕಾಳು ಎಣಿಸಿ ಸರ್ವೆ ಮಾಡಿದ್ದು: ನನ್ನ ಅನುಭವ

ಪಿಯು ಮಕ್ಕಳಲ್ಲಿ ಸೆಕ್ಸ್ಟಿಂಗ್ (ಫೋನಲ್ಲಿ ಲೈಂಗಿಕ ಫೋಟೋ, ಮೆಸೇಜ್ ಕಳಿಸೋದು) ಬಗ್ಗೆ ಸರ್ವೆ ಮಾಡ್ತೀನಿ ಅಂದಾಗ ನಮ್ಮ ಕಮ್ಯುನಿಟಿ ಮೆಡಿಸಿನ್ ವಿಭಾಗದಲ್ಲಿ ಎಲ್ಲರೂ ನಕ್ಕರು. "ದಾವಣಗೆರೆ ಮಕ್ಕಳು ನಿಮ್ಮ ಮುಂದೆ ಬಾಯಿ ಬಿಡ್ತಾರೇನ್ರೀ ಮೇಡಂ?" ಅಂದರು ಒಬ್ಬ ಸೀನಿಯರ್. ಮೊದಲ ಸಲ ಅವರ ಮಾತೇ ನಿಜವಾಯಿತು. ಬಾಡಿಗೆ ಟ್ಯಾಬ್ ತಂದು ಸುಮಾರು 240 ಮಕ್ಕಳ ಹತ್ತಿರ ಫಾರ್ಮ್ ತುಂಬಿಸಿದೆ. ಹೌದು ಅಂದವರು ಮೂವರು. ಅದರಲ್ಲಿ ಒಬ್ಬ ಎಲ್ಲಾ ಪ್ರಶ್ನೆಗೂ ಹೌದು ಒತ್ತಿದ್ದ! ಟ್ಯಾಬು, ಓಡಾಟ ಸೇರಿ 19 ಸಾವಿರ ನೀರಲ್ಲಿ ಹೋಮ. ಹಿಂದಿನ ಬೆಂಚಿನ ಹತ್ತಿರ ಲೆಕ್ಚರರ್ ಕೈಕಟ್ಟಿ ನಿಂತಿದ್ದರೆ ಯಾವ ಮಗು ತಾನೇ ಹೌದು ಅನ್ನುತ್ತೆ?

2018ರಲ್ಲಿ ವೈದ್ಯಕೀಯ ಪತ್ರಿಕೆ ಜಾಮಾ ಪೀಡಿಯಾಟ್ರಿಕ್ಸ್‌ನಲ್ಲಿ ಬಂದ ಮೆಟಾ ಅನಾಲಿಸಿಸ್ (ಹಲವು ಅಧ್ಯಯನ ಒಟ್ಟುಗೂಡಿಸಿದ ಲೆಕ್ಕ) ನೀವೂ ನೋಡಿರ್ತೀರಿ. 39 ಅಧ್ಯಯನ, 1 ಲಕ್ಷದ 10 ಸಾವಿರ ಮಕ್ಕಳು. ಕಳಿಸಿದವರು ಏಳರಲ್ಲಿ ಒಬ್ಬರು, ಬಂದಿದೆ ಅಂದವರು ನಾಲ್ವರಲ್ಲಿ ಒಬ್ಬರು. ನಮ್ಮಲ್ಲಿ ಮಾತ್ರ 240ಕ್ಕೆ ಮೂರು ಅಂದರೆ ಯಾರು ನಂಬ್ತಾರೆ?

ಆಮೇಲೆ ಲಿಸ್ಟ್ ಎಕ್ಸ್‌ಪೆರಿಮೆಂಟ್ ಹಿಡಿದೆ. ಅರ್ಧ ಮಕ್ಕಳ ಚೀಟಿಯಲ್ಲಿ ನಾಲ್ಕು ಸಾದಾ ವಾಕ್ಯ, ಇನ್ನರ್ಧಕ್ಕೆ ಅದೇ ನಾಲ್ಕರ ಜೊತೆ ನಮಗೆ ಬೇಕಾದ ಐದನೆಯದು. ಯಾವುದು ನಿಜ ಅಂತ ಹೇಳೋದು ಬೇಡ, ಎಷ್ಟು ವಾಕ್ಯ ನಿಜವೋ ಅಷ್ಟು ಕಾಳು ಡಬ್ಬಿಗೆ ಹಾಕಿದರೆ ಸಾಕು. ಐದು ವಾಕ್ಯದ ಗುಂಪಿನ ಸರಾಸರಿಯಲ್ಲಿ ನಾಲ್ಕರ ಗುಂಪಿನದ್ದು ಕಳೆದರೆ, ಐದನೆಯದು ಎಷ್ಟು ಪಾಲು ಮಕ್ಕಳಿಗೆ ನಿಜ ಅನ್ನೋ ಉತ್ತರ. "ಕಾಳು ಎಣಿಸಿ ರಿಸರ್ಚಾ?" ಅಂತ ಮತ್ತೆ ನಗು.

ಕಾಳಿನ ಕಥೆ ಕೇಳಿ. ಮೊದಲು ಚಳ್ಳಕೆರೆಯಲ್ಲಿ ಶೇಂಗಾ ಕೊಟ್ಟೆ, ಊರಿಗೆ ತಕ್ಕ ಹಾಗಿರಲಿ ಅಂತ. ಮಕ್ಕಳು ತಿಂದುಬಿಟ್ಟರು. ಡೇಟಾನೇ ಹೊಟ್ಟೆಗೆ ಹೋಯಿತು. ಆಮೇಲೆ ಮೆಕ್ಕೆಜೋಳ, ಎರಡು ಕೆಜಿ, 60 ರೂಪಾಯಿಯೋ ಏನೋ. ಸ್ಟೀಲ್ ಡಬ್ಬಿ ಇಟ್ಟಿದ್ದೆ. ಕಾಳು ಬಿದ್ದಾಗ ಟಣ್ ಟಣ್ ಅನ್ನೋದು. ಮುಂದಿನ ಬೆಂಚಿನ ಹುಡುಗಿಯರು ಕಣ್ಣು ಮುಚ್ಚಿ ಎಣಿಸ್ತಿದ್ದರು, "ಅವಳದ್ದು ನಾಲ್ಕು ಕಣೇ!" ಅಂತ. ಆ ಇಡೀ ಕ್ಲಾಸಿನ ಡೇಟಾ ಬಿಸಾಕಿದೆ. ಬಟ್ಟೆ ಚೀಲಕ್ಕೆ ಬದಲಾಯಿಸಿದ ಮೇಲೆ ಸದ್ದಿಲ್ಲ. ಆದರೆ ಕೈಯಲ್ಲಿ ಉಳಿದ ಕಾಳು ಪಕ್ಕದವರಿಗೆ ಕಾಣ್ತಿತ್ತು. ಅದಕ್ಕೂ ಒಂದು ಉಪಾಯ ಮಾಡಿದೆ, ರಿಸರ್ಚ್ ಪೇಪರ್ ಬರಲಿ, ಆಗ ಹೇಳ್ತೀನಿ.

ನಾಲ್ಕು ಸಾದಾ ವಾಕ್ಯ ಆರಿಸೋದೇ ಕಷ್ಟ. ನನ್ನ ಮೊದಲ ಪಟ್ಟಿಯಲ್ಲಿ "ಬೆಣ್ಣೆ ದೋಸೆ ತಿಂದಿದ್ದೇನೆ" ಇತ್ತು. ದಾವಣಗೆರೆಯಲ್ಲಿ ತಿನ್ನದವರು ಯಾರು? ನಾಲ್ಕೂ ಎಲ್ಲರಿಗೂ ನಿಜವಾದರೆ ಐದು ಕಾಳು ಹಾಕಿದವನ ಗುಟ್ಟು ಬಯಲಾಯಿತು, ಅಲ್ವಾ? ಸುಮಾರು ಆರು ಸಲ ಬದಲಾಯಿಸಿದೆ. ಕೊನೆಯ ಪಟ್ಟಿ ಕೇಳಬೇಡಿ, ಕೊಡಲ್ಲ.

ಸೆಕ್ಸ್ಟಿಂಗ್ ಅನ್ನೋ ಪದ ಮಕ್ಕಳಿಗೆ ಗೊತ್ತಿಲ್ಲ. "ಅಶ್ಲೀಲ" ಅಂದರೆ ಸಿನಿಮಾ ಪೋಸ್ಟರ್ ಅಂದ್ಕೊಳ್ತಾರೆ. "ಮನೆಯಲ್ಲಿ ತೋರಿಸೋಕಾಗದಂಥ ಫೋಟೋ" ಅಂತ ಬರೆದ ಮೇಲೆ ಒಬ್ಬರೂ ಅರ್ಥ ಕೇಳಲಿಲ್ಲ.

ಪೋಷಕರ ಒಪ್ಪಿಗೆಗೇ ಮೂರು ತಿಂಗಳು ಹೋಯಿತು. 18ರ ಒಳಗಿನವರು, ಹಾಗಾಗಿ ಪೋಷಕರ ಸಹಿಯೂ ಬೇಕು, ಮಕ್ಕಳ ಸಮ್ಮತಿಯೂ ಬೇಕು. ಮನೆಗೆ ಕಳಿಸಿದ ನೂರು ಫಾರ್ಮಲ್ಲಿ ಮೂವತ್ತು ವಾಪಸ್ ಬಂದಿರಬಹುದು. ಆಮೇಲೆ ಪೋಷಕರ ಸಭೆಗೇ ಹೋಗಿ ಕೂತು, ಮುಚ್ಚುಮರೆ ಇಲ್ಲದೆ ವಿಷಯ ಹೇಳಿದೆ. "ನಮ್ಮ ಹುಡುಗಿ ಹತ್ರ ಫೋನೇ ಇಲ್ಲ ಮೇಡಂ" ಅಂದರು ಒಬ್ಬ ಅಪ್ಪ. ಪಕ್ಕದಲ್ಲಿದ್ದ ಅವರ ಹೆಂಡತಿ ತಮ್ಮ ಫೋನನ್ನು ಸುಮ್ನೆ ಚೀಲದೊಳಗೆ ಇಟ್ಟುಕೊಂಡರು. ಅವತ್ತು ಎಪ್ಪತ್ತಕ್ಕೂ ಜಾಸ್ತಿ ಸಹಿ ಸಿಕ್ಕಿತು.

ಒಂದು ವಿಷಯದಲ್ಲಿ ಮಾತ್ರ ತಮಾಷೆ ಇಲ್ಲ. ಯಾರ ಫೋನನ್ನೂ ಮುಟ್ಟಬಾರದು, ಒಂದು ಫೋಟೋನೂ ನೋಡಬಾರದು. ಮಗುವಿಗೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಪೋಕ್ಸೋ ಕಾಯ್ದೆ 19ನೇ ಕಲಮಿನ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಅದನ್ನು ಮಕ್ಕಳಿಗೆ ಶುರುವಿನಲ್ಲೇ ಹೇಳಿಬಿಡಿ. ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧ ಸಹಾಯವಾಣಿ 1930, ಎರಡೂ ನಂಬರ್ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಸ್ನೇಹ ಕ್ಲಿನಿಕ್ (ಹದಿಹರೆಯದವರ ಸರ್ಕಾರಿ ಕ್ಲಿನಿಕ್) ಕೌನ್ಸೆಲರ್ ಪಕ್ಕದ ರೂಮಲ್ಲಿ ಕೂತಿರ್ತಿದ್ದರು.

ಮಧ್ಯೆ ಇನ್ನೊಂದು ಆಟ ಮಾಡಿ ನೋಡಿದೆ. ಹೆಸರು ಬರೆಯದೆ ಪ್ರಶ್ನೆ ಹಾಕಿ ಅಂತ ಒಂದು ಡಬ್ಬಿ ಇಟ್ಟೆ. ಸರಿನಾ ತಪ್ಪಾ ಅಂತ ಕೇಳಿದ ಚೀಟಿ ಒಂದೋ ಎರಡೋ. "ಡಿಲೀಟ್ ಮಾಡಿದ್ರೆ ಅವನ ಫೋನಲ್ಲೂ ಹೋಗುತ್ತಾ ಅಕ್ಕ?", "ಕಂಪ್ಲೇಂಟ್ ಕೊಟ್ರೆ ಅಪ್ಪನಿಗೆ ಹೇಳ್ತಾರಾ?" ಇಂಥವೇ ಜಾಸ್ತಿ. ಇದನ್ನು ನೋಡಿದ ಮೇಲೆ ಬಂದ ಫೋಟೋನ ಕಳಿಸಿದವರನ್ನು ಕೇಳದೆ ಫಾರ್ವರ್ಡ್ ಮಾಡೋದರ ಬಗ್ಗೆ ಬೇರೆ ಪಟ್ಟಿಯೇ ಮಾಡಿದೆ.

ಕೊನೆಗೆ ಸುಮಾರು 1,300 ಮಕ್ಕಳು. ಈ ವಿಧಾನಕ್ಕೆ ಅಷ್ಟು ಬೇಕೇ ಬೇಕು, ಕಡಿಮೆಯಾದರೆ ಉತ್ತರ ಅತ್ತಿತ್ತ ಓಲಾಡುತ್ತೆ. ಯಾವ ಮಗು ಅಂತ ತಿಳಿಯಲ್ಲ, ಅದೂ ಒಂದು ಕೊರತೆ. ಖರ್ಚು ಜೆರಾಕ್ಸು, ಬಸ್ಸು, ಮಂಡಕ್ಕಿ ಮಿರ್ಚಿ ಎಲ್ಲಾ ಸೇರಿ 7 ಸಾವಿರದ ಒಳಗೆ. ಬಂದ ಅಂಕಿ ಈಗಲೇ ಹೇಳಲ್ಲ, ಆದರೆ ಟ್ಯಾಬಿನ ಲೆಕ್ಕಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ. ನಕ್ಕ ಸೀನಿಯರ್ ಈಗ ತಮ್ಮ ಕೈಕೆಳಗೆ ಪಿಜಿ ಓದೋ ಹುಡುಗನನ್ನ ನನ್ನ ಹತ್ತಿರ ಕಳಿಸಿದ್ದಾರೆ, ಗುಟ್ಕಾ ಸರ್ವೆಗೆ. ಅವನಿಗೆ ಹೇಳಿದ್ದು ಇಷ್ಟೇ: ಚೆನ್ನಾಗಿ ಒಣಗಿದ ಕಾಳು ತಗೋ, ಇಲ್ಲದಿದ್ದರೆ ಚೀಲದಲ್ಲಿ ಹುಳ ಬೀಳುತ್ತೆ.