ದೊಡ್ಡ ದೋಣಿಗೆ ಮೊದಲು ಎರಡು ದಿನದ ಪಾಠ

ನಮ್ಮ ಮೊದಲ ಮೋಟಾರು ದೋಣಿ 5.5 ಮೀಟರ್ ಉದ್ದದ್ದು. ಮೇಲೆ ಚಾವಣಿ ಇಲ್ಲ, ಹಿಂದೆ ಹೊರಗಡೆ ಸಿಕ್ಕಿಸಿದ 60 ಎಚ್‌ಪಿಯ ಔಟ್‌ಬೋರ್ಡ್ ಇಂಜಿನ್. ನಾನು, ಹೆಂಡತಿ, ಇಬ್ಬರು ಮಕ್ಕಳು ಮೂರು ವರ್ಷ ಅದರಲ್ಲೇ ಓಡಾಡಿದೆವು. ಮೂರನೇ ವರ್ಷದ ಕೊನೆಗೆ ದೊಡ್ಡದು ಬೇಕು ಅನ್ನಿಸಲು ಶುರುವಾಯಿತು. ಮಲಗಲು ಕ್ಯಾಬಿನ್, ಒಳಗೆ ಡೀಸೆಲ್ ಇಂಜಿನ್, 9 ಮೀಟರ್ ಉದ್ದ. ಮನಸ್ಸಿನಲ್ಲಿ ನಾನಾಗಲೇ ಅದನ್ನು ಕೊಂಡು ಬಣ್ಣವನ್ನೂ ಬಳಿದಾಗಿತ್ತು.

ಜೆಟ್ಟಿಯಲ್ಲಿ ನಮ್ಮ ಅಕ್ಕಪಕ್ಕ ದೋಣಿ ಕಟ್ಟುವ ನಾಲ್ವರನ್ನು ಕೇಳಿದೆ. ಒಬ್ಬರು ಡೀಸೆಲ್ ಬಿಟ್ಟು ಬೇರೆ ನೋಡಲೇಬೇಡ ಅಂದರು. ಇನ್ನೊಬ್ಬರು ಔಟ್‌ಬೋರ್ಡೇ ಸರಿ, ಕೆಟ್ಟರೆ ಬಿಚ್ಚಿ ಇಳಿಸಬಹುದು ಅಂದರು. ಮೂರನೆಯವನು ನನ್ನ ವಯಸ್ಸಿನವನು, ತುಂಬಾ ಸಲಿಗೆ. ಅವನು ಒಂದು ಇಂಜಿನ್ ಸಾಲದು ಕಣೋ, ಎರಡು ಇರಲಿ ಅಂದ. ನಾಲ್ಕನೆಯವರು ಎಲ್ಲರಿಗಿಂತ ಹಿರಿಯರು. ಅವರನ್ನು ನಾವೆಲ್ಲ ಅಣ್ಣ ಅಂತಲೇ ಕರೆಯುತ್ತೇವೆ. ಅವರು ದೋಣಿಯ ಮಾತನ್ನೇ ಎತ್ತಲಿಲ್ಲ. "ಅಡ್ಡಗಾಳಿ ಇರುವಾಗ ಯಾರ ಸಹಾಯವೂ ಇಲ್ಲದೆ ಈ ಜೆಟ್ಟಿಗೆ ನಿನ್ನ ಈಗಿನ ದೋಣಿ ತಂದು ಕಟ್ಟುತ್ತೀಯಾ?" ಅಂತ ಕೇಳಿದರು.

ಆಗುತ್ತಿರಲಿಲ್ಲ. ಮೂರು ವರ್ಷದಿಂದ ನಾನು ಬಂದಾಗಲೆಲ್ಲ ಯಾರಾದರೂ ಓಡಿ ಬಂದು ಹಗ್ಗ ಹಿಡಿಯುತ್ತಿದ್ದರು. ಜೆಟ್ಟಿಯ ಗೆಳೆತನ ಶುರುವಾಗುವುದೇ ಹಾಗೆ. ಹಗ್ಗ ಹಿಡಿದವರು ಹೆಸರು ಕೇಳುತ್ತಾರೆ, ಮುಂದಿನ ವಾರ ನೀವು ಅವರ ಹಗ್ಗ ಹಿಡಿಯುತ್ತೀರಿ. ಆದರೆ ಅದೇ ಪ್ರೀತಿ ಒಮ್ಮೊಮ್ಮೆ ತೊಂದರೆಯನ್ನೂ ಮಾಡುತ್ತದೆ. ಒಮ್ಮೆ ಎರಡು ಇಂಜಿನ್ ಹೇಳಿದ ಅದೇ ಗೆಳೆಯ ನಮ್ಮ ದೋಣಿಯ ಮುಂದಿನ ಹಗ್ಗ ಕೈಗೆ ಸಿಕ್ಕಿದ ತಕ್ಷಣ ಜೋರಾಗಿ ಎಳೆದ. ಮೂತಿ ಗಕ್ಕನೆ ಒಳಗೆ ಬಂತು, ಹಿಂಭಾಗ ಹೊರಗೆ ತಿರುಗಿತು, ಗಾಳಿ ಅದನ್ನು ಇನ್ನಷ್ಟು ತಳ್ಳಿತು. ಇಂಜಿನ್ ಹೋಗಿ ಪಕ್ಕದ ದೋಣಿಗೆ ತಾಗಿತು. ಅವನದು ಒಳ್ಳೆಯ ಮನಸ್ಸೇ. ಎಳೆಯಬೇಡ, ಸುಮ್ನೆ ಕಂಬಕ್ಕೆ ಒಂದು ಸುತ್ತು ಹಾಕಿ ಹಿಡಿ ಅಂತ ಹೇಳಲು ನನಗೇ ಗೊತ್ತಿರಲಿಲ್ಲ.

ಅಣ್ಣನ ಮಾತಿನ ಮೇಲೆ ಎರಡು ದಿನದ ತರಬೇತಿಗೆ ಸೇರಿದೆವು. ದೋಣಿ ಓಡಿಸುವುದನ್ನು ಕಲಿಸುವ ಬ್ರಿಟನ್ನಿನ ಆರ್‌ವೈಎ ಸಂಸ್ಥೆಯ 'ಪವರ್‌ಬೋಟ್ ಲೆವೆಲ್ 2' ತರಬೇತಿ ಕೂಡ ಸಾಮಾನ್ಯವಾಗಿ ಎರಡೇ ದಿನದ್ದು. ಬೇರೆ ದೇಶಗಳಲ್ಲೂ ಈ ಬಗೆಯ ಸಣ್ಣ ತರಬೇತಿಗಳಿವೆ. ಪರವಾನಗಿ ಬೇಕೋ ಬೇಡವೋ ಅನ್ನುವುದು ದೇಶಕ್ಕೊಂದು ಥರ, ನೀರಿಗೊಂದು ಥರ. ಅದನ್ನು ಗೆಳೆಯರ ಬಾಯಿಂದ ಕೇಳಿ ನಂಬಬೇಡಿ, ನಿಮ್ಮ ಕಡೆಯ ಅಧಿಕಾರಿಗಳನ್ನೇ ಕೇಳಿ. ನಮ್ಮ ತರಬೇತುದಾರರಿಗೆ ನಾನು ಒಂದೇ ಒಂದು ಬೇಡಿಕೆ ಇಟ್ಟೆ. ಪಾಠ ನಮ್ಮ ದೋಣಿಯಲ್ಲೇ ಆಗಬೇಕು, ಹೆಂಡತಿಯೂ ನನ್ನಷ್ಟೇ ಹೊತ್ತು ಚುಕ್ಕಾಣಿ ಹಿಡಿಯಬೇಕು. ನಾನು ನೀರಿಗೆ ಬಿದ್ದರೆ ದೋಣಿ ತಿರುಗಿಸಿ ನನ್ನ ಹತ್ತಿರ ತರಬೇಕಾದವಳು ಅವಳೇ ಅಲ್ವಾ?

ಮೊದಲ ಪಾಠ ಕಿಲ್ ಕಾರ್ಡ್, ಅಂದರೆ ಇಂಜಿನ್ ನಿಲ್ಲಿಸುವ ಹುರಿ. ಒಂದು ತುದಿ ಇಂಜಿನ್ನಿನ ಸ್ವಿಚ್ಚಿಗೆ, ಇನ್ನೊಂದು ಓಡಿಸುವವರ ತೊಡೆಗೆ. ಓಡಿಸುವವರು ಎಗರಿ ಬಿದ್ದರೆ ಕಾರ್ಡ್ ಕಿತ್ತು ಬಂದು ಇಂಜಿನ್ ನಿಲ್ಲುತ್ತದೆ. ನಾವು ಮೂರು ವರ್ಷ ಅದನ್ನು ಸ್ವಿಚ್ಚಿಗೆ ಸಿಕ್ಕಿಸಿ ಹಾಗೇ ನೇತಾಡಲು ಬಿಟ್ಟಿದ್ದೆವು. ಮಕ್ಕಳನ್ನು ಕೂರಿಸಿಕೊಂಡು! ಓಡಿಸುವವರಿಲ್ಲದ ದೋಣಿ ಸಾಮಾನ್ಯವಾಗಿ ನೇರ ಹೋಗುವುದಿಲ್ಲ, ಸುತ್ತು ಹಾಕಿ ಬಿದ್ದವರ ಮೇಲೇ ಬರಬಹುದು ಅಂತ ತರಬೇತುದಾರರು ಹೇಳಿದಾಗ ನನ್ನ ಕೈ ತಣ್ಣಗಾಯಿತು.

ಆಮೇಲೆ ಬೆಳಗ್ಗೆಯಿಡೀ ಬರೀ ನಿಧಾನದ ಓಟ. ವೇಗದಲ್ಲಿ ಓಡಿಸುವುದು ಸುಲಭ, ಕಷ್ಟ ಇರುವುದೆಲ್ಲ ಕೊನೆಯ ಹತ್ತು ಮೀಟರಿನಲ್ಲಿ. ಕಾರು ಮುಂದಿನ ಚಕ್ರದಿಂದ ತಿರುಗುತ್ತದೆ. ದೋಣಿ ಹಾಗಲ್ಲ. ಅದರ ಹಿಂಭಾಗ ಹೊರಕ್ಕೆ ಜಾರಿ ಮೂತಿ ತಿರುಗುತ್ತದೆ. ಔಟ್‌ಬೋರ್ಡಿನಲ್ಲಿ ಗೇರ್ ಹಾಕದೆ ಚುಕ್ಕಾಣಿಯ ಚಕ್ರ ತಿರುಗಿಸಿದರೆ ಹೆಚ್ಚೇನೂ ಆಗುವುದಿಲ್ಲ. ಅದಕ್ಕೆ ಮೊದಲು ಚಕ್ರ, ಆಮೇಲೆ ಗೇರ್. ಒಂದು ಕ್ಷಣ ಗೇರ್, ಮತ್ತೆ ನ್ಯೂಟ್ರಲ್. ಗಾಳಿ ಮತ್ತು ಹರಿವು ಎರಡರಲ್ಲಿ ಯಾವುದು ಜೋರೋ ಅದಕ್ಕೆ ಎದುರಾಗಿ ಜೆಟ್ಟಿಗೆ ಬರಬೇಕು. ಆಗ ಅದೇ ನಿಮ್ಮ ಬ್ರೇಕು. ನಾನು ಯಾವಾಗಲೂ ಹರಿವಿನ ಜೊತೆಗೇ ಬರುತ್ತಿದ್ದೆ, ಯಾಕೆಂದರೆ ನಮ್ಮ ಜಾಗಕ್ಕೆ ಅದೇ ಹತ್ತಿರದ ದಾರಿ.

ಇಡೀ ಎರಡು ದಿನದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಸ್ಪ್ರಿಂಗ್ ಹಗ್ಗ. ಅವತ್ತು ಮಧ್ಯಾಹ್ನ ಗಾಳಿ ದೋಣಿಯನ್ನು ಜೆಟ್ಟಿಗೆ ಒತ್ತಿ ಹಿಡಿದಿತ್ತು. ಹಿಂದೆಯೂ ದೋಣಿ, ಮುಂದೆಯೂ ದೋಣಿ. ನಾನಾಗಿದ್ದರೆ ಕಾಲಿನಿಂದ ತಳ್ಳಿ ಹಾರುತ್ತಿದ್ದೆ. ತರಬೇತುದಾರರು ಎಲ್ಲ ಹಗ್ಗ ಬಿಚ್ಚಿಸಿ ಒಂದನ್ನು ಮಾತ್ರ ಉಳಿಸಿದರು. ಅದು ಮೂತಿಯಿಂದ ಹಿಂದಕ್ಕೆ ಓರೆಯಾಗಿ ಹೋಗಿ, ಜೆಟ್ಟಿಯ ಕಂಬ ಸುತ್ತಿ, ಮತ್ತೆ ನಮ್ಮ ಮೂತಿಗೇ ಬರುವ ಹಗ್ಗ. ಮುಂದಿನ ಮೂಲೆಗೆ ದೊಡ್ಡ ಫೆಂಡರ್, ಅಂದರೆ ಗುದ್ದು ತಡೆಯುವ ಮೆತ್ತೆ, ಇಟ್ಟೆವು. ಚಕ್ರವನ್ನು ಜೆಟ್ಟಿಯ ಕಡೆಗೇ ಪೂರ್ತಿ ತಿರುಗಿಸಿ, ನಿಧಾನ ಮುಂದೆ ಹಾಕು ಅಂದರು. ಜೆಟ್ಟಿಗೇ ಗುದ್ದಲು ಹೊರಟ ಹಾಗೆ! ಹಗ್ಗ ಬಿಗಿಯಾಯಿತು, ಕಿರ್ ಅಂತ ಸದ್ದಾಯಿತು, ಫೆಂಡರ್ ಚಪ್ಪಟೆಯಾಯಿತು. ದೋಣಿ ಮುಂದೆ ಹೋಗಲಾಗದೆ ಹಿಂಭಾಗವನ್ನು ಮೆಲ್ಲಗೆ ಗಾಳಿಗೆದುರಾಗಿ ಹೊರಗೆ ತೆರೆಯಿತು. ಬಾಗಿಲು ತೆರೆದ ಹಾಗೆ. ಸಾಕಷ್ಟು ತೆರೆದ ಮೇಲೆ ನ್ಯೂಟ್ರಲ್, ಚಕ್ರ ನೇರ, ರಿವರ್ಸ್. ಹೆಂಡತಿ ಹಗ್ಗದ ಒಂದು ತುದಿ ಬಿಟ್ಟು ಇನ್ನೊಂದರಿಂದ ಎಳೆದುಕೊಂಡಳು. ಯಾರೂ ಯಾವ ದೋಣಿಯನ್ನೂ ಕೈಯಿಂದ ತಳ್ಳಲಿಲ್ಲ. ಅದನ್ನು ನಾವು ಸಂಜೆಯವರೆಗೆ ಆರು ಸಲ ಮಾಡಿದೆವು.

ಎರಡನೇ ದಿನ ನೀರಿಗೆ ಬಿದ್ದವರನ್ನು ಎತ್ತುವ ಅಭ್ಯಾಸ. ಮನುಷ್ಯನ ಬದಲು ಬಕೆಟ್ ಕಟ್ಟಿದ ಫೆಂಡರ್. ನಾನು ಹತ್ತಿರ ಬಂದು ನ್ಯೂಟ್ರಲ್‌ಗೆ ಹಾಕಿದೆ. "ನ್ಯೂಟ್ರಲ್ ಸಾಲದು, ಆಫ್ ಮಾಡಿ. ಅವಸರದಲ್ಲಿ ಯಾರದೋ ಮೊಣಕೈ ಲಿವರ್‌ಗೆ ತಾಗಿದರೆ ಪ್ರೊಪೆಲ್ಲರ್ ತಿರುಗುತ್ತದೆ" ಅಂದರು. ಲಂಗರಿನ ಪಾಠದಲ್ಲಿ ಹಳೆಯ ಒಂದು ಗುಟ್ಟೂ ಬಿಚ್ಚಿಕೊಂಡಿತು. ಹಿಂದಿನ ವರ್ಷ ನಮ್ಮ ಲಂಗರು ಮತ್ತೆ ಮತ್ತೆ ಜಾರುತ್ತಿತ್ತು. ಲಂಗರೇ ಸಣ್ಣದು, ಬದಲಿಸು ಅಂತ ಮೂವರು ಹೇಳಿದ್ದರು. ನಿಜವಾಗಿ ನಾನು ಬಿಡುತ್ತಿದ್ದ ಹಗ್ಗವೇ ಕಡಿಮೆ. ಪೂರ್ತಿ ಸರಪಳಿ ಇದ್ದರೆ ಆಳದ ಕನಿಷ್ಠ 4 ಪಟ್ಟು, ಸರಪಳಿ ಜೊತೆ ಹಗ್ಗ ಇದ್ದರೆ 6 ಪಟ್ಟಾದರೂ ಬಿಡಬೇಕು. ಉಬ್ಬರ ಇಳಿತ ಇರುವ ಕಡೆ ಉಬ್ಬರದ ಆಳವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಗಾಳಿ ಜೋರಾದರೆ ಇನ್ನೂ ಜಾಸ್ತಿ.

ರೇಡಿಯೊ, ದೀಪ, ದಾರಿಯ ನಿಯಮಗಳೂ ಇದ್ದವು. 1972ರ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಎರಡು ಮೋಟಾರು ದೋಣಿಗಳ ದಾರಿ ಅಡ್ಡ ಬಂದರೆ, ಯಾರಿಗೆ ಇನ್ನೊಂದು ದೋಣಿ ತಮ್ಮ ಬಲಗಡೆ ಕಾಣುತ್ತದೋ ಅವರು ದಾರಿ ಬಿಡಬೇಕು. ಎದುರುಬದುರಾದರೆ ಇಬ್ಬರೂ ಬಲಕ್ಕೆ. ಇದು ನನಗೆ ಮೊದಲೇ ಗೊತ್ತಿತ್ತು. ತುರ್ತು ಕರೆಗೆ ವಿಎಚ್‌ಎಫ್ ರೇಡಿಯೊದ ಚಾನೆಲ್ 16 ಅನ್ನುವುದು ಹೆಂಡತಿಗೆ ಗೊತ್ತಿರಲಿಲ್ಲ. ಈಗ ಅವಳು ಕರೆಯ ಮಾತುಗಳನ್ನು ರಟ್ಟಿನ ಮೇಲೆ ಬರೆದು ರೇಡಿಯೊ ಪಕ್ಕ ಅಂಟಿಸಿದ್ದಾಳೆ.

ತರಬೇತಿಯ ಕೊನೆಗೆ 9 ಮೀಟರಿನ ದೋಣಿಯ ಆಸೆ ಹೇಳಿಕೊಂಡೆ. ಒಳಗೆ ಒಂದೇ ಇಂಜಿನ್, ಪ್ರೊಪೆಲ್ಲರ್ ತಿರುಗಿಸಲು ಶಾಫ್ಟ್ ಇರುವ ದೋಣಿ ಅಂದರೆ ರಿವರ್ಸಿನಲ್ಲಿ ಚುಕ್ಕಾಣಿ ಹೆಚ್ಚು ಕೇಳುವುದಿಲ್ಲ, ಪ್ರೊಪೆಲ್ಲರೇ ಹಿಂಭಾಗವನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ ಅಂತ ಅವರು ವಿವರಿಸಿದರು. ಬಲಕ್ಕೆ ತಿರುಗುವ ಪ್ರೊಪೆಲ್ಲರ್ ಆದರೆ ಎಡಕ್ಕೆ. ಅದು ಕೆಟ್ಟದ್ದೇನಲ್ಲ, ಗೊತ್ತಿದ್ದರೆ ಜೆಟ್ಟಿಗೆ ಸೇರಲು ಅದನ್ನೇ ಬಳಸಿಕೊಳ್ಳಬಹುದು. ಆದರೆ ಅದಕ್ಕೆ ಬೇರೆಯೇ ಕೈ ಬೇಕು. ಈ ದೋಣಿಯಲ್ಲೇ ಇನ್ನೊಂದು ವರ್ಷ ಓಡಾಡಿ ಅಂದರು.

ಆ ವರ್ಷ ಪ್ರತಿ ಸಲ ಹೋಗಿ ಬಂದಾಗಲೂ ಒಂದು ಪುಸ್ತಕದಲ್ಲಿ ಬರೆದಿಟ್ಟೆವು. ಎಷ್ಟು ಜನ, ಎಷ್ಟು ದೂರ, ಯಾಕೆ ಬೇಗ ವಾಪಸು ಬಂದೆವು. ವರ್ಷದ ಕೊನೆಗೆ 26 ಸಲ ಹೋಗಿದ್ದೆವು. ರಾತ್ರಿ ಉಳಿಯಬೇಕು ಅನ್ನಿಸಿದ್ದು ಎರಡೇ ಸಲ. ಬೇಗ ವಾಪಸು ಬಂದದ್ದು ಒಂಬತ್ತು ಸಲ, ಎಲ್ಲಕ್ಕೂ ಒಂದೇ ಕಾರಣ: ಅಲೆಯ ಏಟು, ಒದ್ದೆಯಾದ ಮಕ್ಕಳು. ನಮಗೆ ಬೇಕಾಗಿದ್ದದ್ದು ಹಾಸಿಗೆ ಅಲ್ಲ. ಅಲೆ ಸೀಳುವ ಮೂತಿ, ಮಳೆ ಗಾಳಿಗೆ ಒಂದು ಮರೆ.

ಆ ಪುಸ್ತಕ ಹಿಡಿದು ಮತ್ತೆ ನಾಲ್ವರ ಹತ್ತಿರ ಹೋದೆ. ಈ ಸಲ ಯಾವ ದೋಣಿ ಒಳ್ಳೆಯದು ಅಂತ ಕೇಳಲಿಲ್ಲ. ನಿಮ್ಮ ದೋಣಿಯಲ್ಲಿ ನಿಮಗೆ ಬೇಸರ ತರುವುದೇನು, ಹೋದ ವರ್ಷ ಏನೇನು ರಿಪೇರಿ ಮಾಡಿಸಿದಿರಿ ಅಂತ ಕೇಳಿದೆ. ಉತ್ತರಗಳೇ ಬದಲಾದವು. ಡೀಸೆಲ್‌ನವರು ದೂರ ಹೋಗುವವರು, ಇಂಧನದ ಖರ್ಚು ಅವರಿಗೆ ಮುಖ್ಯ. ಆದರೆ ಇಂಜಿನ್ನಿನ ಹಿಂಬದಿಯ ನೀರಿನ ಪಂಪಿನ ಇಂಪೆಲ್ಲರ್ ಬದಲಿಸಲು ತಲೆಕೆಳಗಾಗಿ ಮಲಗಬೇಕು ಅಂತ ತೋರಿಸಿದರು. ಔಟ್‌ಬೋರ್ಡಿನವರು ಆಳವಿಲ್ಲದ ನೀರಿನವರು, ಇಂಜಿನ್ ಎತ್ತಿಕೊಂಡು ದಡಕ್ಕೇ ಹೋಗುತ್ತಾರೆ. ಅಣ್ಣನ ದೋಣಿಯ ತಳ ತುಂಬಾ ಚೂಪು, 'ವಿ' ಆಕಾರದ್ದು. ಅಲೆಯಲ್ಲಿ ಮೆತ್ತಗೆ ಹೋಗುತ್ತದೆ. ಆದರೆ ನಿಂತಾಗ ಜಾಸ್ತಿ ಹೊಯ್ದಾಡುತ್ತದೆ, ನೀರಿನ ಮೇಲೆದ್ದು ಓಡಲು ಶಕ್ತಿಯೂ ಜಾಸ್ತಿ ಬೇಕು ಅಂತ ಅವರೇ ಹೇಳಿದರು. ನಾಲ್ವರೂ ಸುಳ್ಳು ಹೇಳಿರಲಿಲ್ಲ, ಮೊದಲಿನಿಂದಲೂ. ಅವರವರ ನೀರಿಗೆ ಸರಿಯಾದದ್ದನ್ನೇ ಹೇಳಿದ್ದರು.

ನೋಡಿದ ಮೊದಲ ದೋಣಿ 7 ಮೀಟರಿನದು. ಎರಡು ಇಂಜಿನ್ ಹೇಳಿದ ಗೆಳೆಯನ ಪರಿಚಯದವರದ್ದು, ಅವನೇ ಹುಡುಕಿ ಕೊಟ್ಟದ್ದು. ಹೋದ ತಕ್ಷಣ ಇಂಜಿನ್ ಮುಟ್ಟಿ ನೋಡಿದೆ, ತಣ್ಣಗಿತ್ತು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಬೆಳಗಿನ ಸ್ಟಾರ್ಟ್ ಹೇಗಿರುತ್ತದೆ ಅನ್ನುವುದೇ ಗೊತ್ತಾಗುವುದಿಲ್ಲ. ನೀರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟಾಗ ಕಂಪನಿ ಹೇಳಿದ ಆರ್‌ಪಿಎಂ ಮುಟ್ಟಿತು. ಮುಟ್ಟದಿದ್ದರೆ ಪ್ರೊಪೆಲ್ಲರಿನ ಪಿಚ್, ಅಂದರೆ ಅಲಗುಗಳ ಓರೆ, ಜಾಸ್ತಿ ಇರಬಹುದು, ತಳ ಕೊಳೆಯಾಗಿರಬಹುದು, ಇಂಜಿನ್ನೇ ಸೋತಿರಬಹುದು. ನನಗೆ ಎಲ್ಲ ಇಷ್ಟವಾಯಿತು. ಅಣ್ಣನಿಗೆ ಬಂದು ನೋಡಿ ಅಂದೆ. ಅವರು ಬಂದರು, ಆದರೆ ಒಪ್ಪಿಗೆ ಕೊಡಲು ಒಪ್ಪಲಿಲ್ಲ. "ನಾನು ಹೂಂ ಅಂದು ನಾಳೆ ಏನಾದರೂ ಆದರೆ ನಮ್ಮಿಬ್ಬರ ನಡುವೆ ಅದೇ ಉಳಿಯುತ್ತದೆ. ದುಡ್ಡು ಕೊಟ್ಟು ದೋಣಿ ಪರೀಕ್ಷಿಸುವ ಸರ್ವೇಯರ್ ಕರೆಸು" ಅಂದರು.

ಸರ್ವೇಯರ್ ಇಂಜಿನ್ನನ್ನು ಮೇಲೆತ್ತಿಸಿ, ಅದರ ಕಾಲಿನ ಮೇಲೆ ಭಾರ ಹಾಕಿ ಒತ್ತಿದರು. ಇಂಜಿನ್ ಕೂರಿಸಿದ ಹಿಂಗೋಡೆ ಒಂದಿಷ್ಟು ಬಾಗಿತು. ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಬಂದರು. ಟಕ್, ಟಕ್, ಟಕ್, ಆಮೇಲೆ ಒಂದು ಕಡೆ ಬರೀ ದಬ್. ಫೈಬರ್ ಪದರಗಳ ಒಳಗಿನ ಮರ ನೀರು ಕುಡಿದು ಮೆತ್ತಗಾಗಿತ್ತು. ತೇವ ಅಳೆಯುವ ಮೀಟರೂ ಅದನ್ನೇ ಹೇಳಿತು. ಮಾರುವವರಿಗೂ ಗೊತ್ತಿರಲಿಲ್ಲ ಅಂತ ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

ನಾನು ಬೇಡ ಅಂದೆ. ಗೆಳೆಯನಿಗೆ ನೋವಾಯಿತು. ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ ಅಂದ. ವರದಿಯನ್ನು ಅವನ ಕೈಗೇ ಕೊಟ್ಟೆ. ಅವನು ಓದದೆ ವಾಪಸು ಕೊಟ್ಟ. ಸುಮಾರು ಎರಡು ತಿಂಗಳು ಜೆಟ್ಟಿಯಲ್ಲಿ ಬರೀ ತಲೆ ಆಡಿಸಿ ಹೋಗುತ್ತಿದ್ದ. ಆ ಎರಡು ತಿಂಗಳು ನನಗೆ ಕಷ್ಟವಾಗಿತ್ತು. ಅವನನ್ನು ಮೊದಲೇ ಕರೆದು, ಸರ್ವೇ ಮಾಡಿಸುತ್ತೇನೆ, ಸರಿ ಇಲ್ಲದಿದ್ದರೆ ಬಿಡುತ್ತೇನೆ ಅಂತ ಹೇಳಬೇಕಿತ್ತು. ಹೇಳಿರಲಿಲ್ಲ.

ಕೊನೆಗೆ ಕೊಂಡದ್ದು 6.8 ಮೀಟರಿನ ದೋಣಿ. ಮುಂದೆ ಗಾಜು ಮತ್ತು ಸಣ್ಣ ಮರೆ, 150 ಎಚ್‌ಪಿಯ ಒಂದೇ ಔಟ್‌ಬೋರ್ಡ್, ಅಣ್ಣನ ದೋಣಿಗಿಂತ ಸ್ವಲ್ಪ ಕಡಿಮೆ ಚೂಪಿನ ತಳ. ಸರ್ವೇ ಆಯಿತು, ಹಿಂಗೋಡೆ ಎಲ್ಲ ಕಡೆ ಟಕ್ ಅಂದಿತು. ಮೊದಲ ವಾರ ಎಲ್ಲೂ ಹೋಗಲಿಲ್ಲ. ಖಾಲಿ ನೀರಿನಲ್ಲಿ ಒಂದು ತೇಲುವ ಡಬ್ಬ ಬಿಟ್ಟು, ಅದರ ಪಕ್ಕ ಬಂದು ನಿಲ್ಲಿಸುವ ಅಭ್ಯಾಸ ಮಾಡಿದೆವು. ಹಳೆಯದಕ್ಕಿಂತ ಭಾರ, ನಿಲ್ಲಲು ಜಾಸ್ತಿ ಹೊತ್ತು ಬೇಕು. ಎತ್ತರದ ಗಾಜಿಗೆ ಗಾಳಿಯೂ ಜಾಸ್ತಿ ಸಿಗುತ್ತದೆ.

ಎಂಟನೇ ದಿನ ಜೆಟ್ಟಿಗೆ ತಂದೆವು. ಹೆಂಡತಿ ಚುಕ್ಕಾಣಿಯಲ್ಲಿ, ನಾನು ದೋಣಿಯ ನಡುವೆ ಹಗ್ಗ ಹಿಡಿದು. ಅಡ್ಡಗಾಳಿ ಇತ್ತು. ದೂರದಲ್ಲಿ ಆ ಗೆಳೆಯ ತನ್ನ ದೋಣಿ ತೊಳೆಯುತ್ತಿದ್ದ. ನಮ್ಮನ್ನು ನೋಡಿ ಪೈಪ್ ಕೆಳಗಿಟ್ಟು ನಡೆದು ಬಂದ. ನಾನು ಹಗ್ಗ ಎಸೆದೆ. ಅವನು ಹಿಡಿದ, ಎಳೆಯಲಿಲ್ಲ.

"ಯಾವ ಕಂಬಕ್ಕೆ ಹಾಕಲಿ?" ಅಂತ ಕೇಳಿದ.