ನೆಡುವುದು ಬಿಟ್ಟ ಮೇಲೆ ಬಂದ ಕಾಂಡ್ಲಾ

"ಗಿಡ ನೆಡದೆ ಕಾಡು ಬರುತ್ತದಾ ಮಾರಾಯರೇ? ನೆಡದಿದ್ದರೆ ಫೋಟೋ ತೆಗೆಯುವುದು ಯಾವುದರದ್ದು?" ಎಂದು ಸಭೆಯಲ್ಲಿ ಕೇಳಿದವರು ಇತ್ತೀಚೆಗೆ ನೆಂಟರನ್ನು ಕರೆತಂದು ನಮ್ಮ ಕುದ್ರುವಿನ (ಹೊಳೆ ನಡುವಿನ ದ್ವೀಪದ) ಕಾಂಡ್ಲಾ, ಅಂದರೆ ಉಪ್ಪುನೀರಿನ ಮ್ಯಾಂಗ್ರೋವ್ ಕಾಡು, ತೋರಿಸುತ್ತಿದ್ದಾರೆ. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ಸೀತಾ, ಸ್ವರ್ಣಾ ನದಿಗಳು ಕಡಲು ಸೇರುವ ಕಡೆ ನಮ್ಮದು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಹೊಳೆಬದಿಯ ದಂಡೆ ಕುಸಿಯಿತು, ಎರಡು ಮನೆಗಳ ಬಾವಿ ಉಪ್ಪಾಯಿತು. ಆ ಮಳೆಗಾಲದಲ್ಲೇ ರೈಜೋಫೋರಾ ಎಂಬ ಜಾತಿಯ ಕಾಂಡ್ಲಾದ ಸುಮಾರು ನಾಲ್ಕು ಸಾವಿರ ಗಿಡ ನೆಟ್ಟೆವು. ಖರ್ಚು ಅರುವತ್ತು ಸಾವಿರದ ಆಸುಪಾಸು. ದೀಪಾವಳಿಗೆ ಉಳಿದದ್ದು ನೂರೈವತ್ತು ಇರಬಹುದು. ಇಳಿತದಲ್ಲಿ ಖಾಲಿ ಕಂಡ ಕೆಸರಿನಲ್ಲೆಲ್ಲ ನೆಟ್ಟಿದ್ದೆವು. ಅಲ್ಲಿ ದಿನದ ಮುಕ್ಕಾಲು ಪಾಲು ನೀರು ಎಂಬುದು ದುಡ್ಡು ಹೋದ ಮೇಲೆ ಹೊಳೆಯಿತು. ಮರುವರ್ಷ ಮತ್ತೆ ಅದೇ ತಪ್ಪು. ಈ ಸಲ ಕಾಂಡಕ್ಕೆ ಬಿಳಿ ಚಿಪ್ಪು ಮೆತ್ತಿಕೊಂಡು ಭಾರಕ್ಕೇ ಗಿಡಗಳು ಮಲಗಿದವು. ಪ್ಲಾಸ್ಟಿಕ್ ಚೀಲದ ಬದಲು ಅಡಿಕೆ ಹಾಳೆಯ ದೊನ್ನೆಯಲ್ಲಿ ಸಸಿ ಮಾಡಿದ ನನ್ನ ಪ್ರಯೋಗವೂ ಆಗಲೇ ಆದದ್ದು. ಹಾಳೆ ಚೆನ್ನಾಗಿಯೇ ಕರಗಿತು, ಸಸಿಯನ್ನು ಏಡಿ ತಿಂದಿತು.

ಪಕ್ಕದಲ್ಲೇ ಪಾಳುಬಿದ್ದ ಸಿಗಡಿ ಹೊಂಡವಿತ್ತು. ತೊಂಬತ್ತರ ದಶಕದಲ್ಲಿ ಸಿಗಡಿಗೆ ಬಿಳಿಚುಕ್ಕೆ ರೋಗ ಬಂದ ಮೇಲೆ ಯಾರೂ ಅದರ ಗೋಜಿಗೆ ಹೋಗಿರಲಿಲ್ಲ. ಹೊಂಡದ ಸುತ್ತಲಿನ ಕಟ್ಟದ (ಒಡ್ಡಿನ) ಹೊರಗೆ ಹಳೆಯ ಕಾಂಡ್ಲಾ ಸೊಂಪಾಗಿತ್ತು, ಒಳಗೆ ಒಂದು ಕಡ್ಡಿಯೂ ಇರಲಿಲ್ಲ. ಉಬ್ಬರದ ನೀರು ಒಳಬರಲು ಕಟ್ಟ ಕಡಿಯಬೇಕಿತ್ತು. ಬಿದಿರಿನ ಗೂಟಗಳಿಗೆ ಸುಣ್ಣ ಬಳಿದು, ಹಳೆಯ ಮರಗಳ ಬುಡದಲ್ಲಿ ಕೆಲವು, ಕಟ್ಟ ಕಡಿಯಬೇಕಾದಲ್ಲಿ ಕೆಲವು ಊರಿದೆವು. ಹುಣ್ಣಿಮೆಯ ಉಬ್ಬರ ಇಳಿದಾಗ ಸುಣ್ಣದ ಮೇಲೆ ಕೆಸರಿನ ಗೆರೆ ಮೂಡಿತ್ತು. ಎಷ್ಟು ಆಳ ಕಡಿಯಬೇಕೆಂದು ಆ ಗೆರೆಯಿಂದಲೇ ಲೆಕ್ಕ ಹಾಕಿದೆವು.

ಜಾಗದವರ ಮತ್ತು ಇಲಾಖೆಯ ಒಪ್ಪಿಗೆ ಪಡೆದು, 2023ರ ಬೇಸಗೆಯಲ್ಲಿ ಮೂರು ಕಡೆ ಕಟ್ಟ ಕಡಿದೆವು. ಹಿಟಾಚಿ ತರಲಿಲ್ಲ, ಹಾರೆ ಗುದ್ದಲಿಯೇ. ಚಹಾ, ಅವಲಕ್ಕಿ, ನಾಲ್ಕು ಆಳುಗಳ ಕೂಲಿ ಸೇರಿ ಹನ್ನೆರಡು ಸಾವಿರ ಆಗಿರಬೇಕು. ಬಾಯಿ ಯಾವ ದಿಕ್ಕಿಗೆ ತೆರೆದೆವು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಬಂದವರಿಗೆ ದೋಣಿಯಲ್ಲಿ ಕೂರಿಸಿ ತೋರಿಸುತ್ತೇನೆ. ಆಟಿ ತಿಂಗಳು ಕಳೆದು ಸೋಣದಲ್ಲಿ (ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ) ಅವಿಸೀನಿಯಾ ಎಂಬ ಇನ್ನೊಂದು ಜಾತಿಯ ಕಾಂಡ್ಲಾದ ಬೀಜಗಳು ಉಬ್ಬರದೊಂದಿಗೆ ತಾವಾಗಿ ಒಳಬಂದವು. ಮರುವರ್ಷ ಹತ್ತಡಿ ಚೌಕದಲ್ಲಿ ಮೂವತ್ತಕ್ಕೂ ಹೆಚ್ಚು ಸಸಿ ಎಣಿಸಿದೆ. ಸಸಿ ಬಾರದ ಮೂಲೆಗಳಿಗೆ ಮಾತ್ರ ಕೋಡು (ಕಾಂಡ್ಲಾದ ಉದ್ದನೆಯ ಮೊಳಕೆ) ಚುಚ್ಚಿದೆವು.

ಒಂದು ಮಾತು: ಇದು ಹೊಳೆಬದಿಗೆ. ಕಡಲಿನ ತೆರೆ ನೇರ ಬಡಿಯುವ ಮರಳಿನಲ್ಲಿ ಕಾಂಡ್ಲಾ ನೆಡಲು ಯಾರಾದರೂ ಹಣ ಕೊಟ್ಟರೂ ಹೋಗಬೇಡಿ.

ಈಗ ಎಮ್ಮೆಗಳ ಕಾಟ. ಹರಿದ ಬಲೆಯ ಬೇಲಿ ಕಟ್ಟಿದ್ದೇವೆ, ಎಮ್ಮೆ ನಿಂತಿದೆ. ಆದರೆ ಬಲೆಗೆ ದಿನವೂ ನಾಲ್ಕಾರು ಏಡಿ ಬೀಳುತ್ತಿವೆ, ಅವನ್ನು ಯಾರು ಒಯ್ಯಬೇಕು ಎಂಬುದರ ಮೇಲೆ ಸಂಘದಲ್ಲಿ ಮಾತು ಬಿಟ್ಟಿದ್ದಾರೆ.